ಮೂರನೆಯದು

ಇಪ್ಪತ್ತೆರಡು ವರ್ಷ ಅಂಚೆ ಕಚೇರಿಯಲ್ಲಿ
ಠಸ್ಸೆ ಹೊಡೆದ ಕೈ ಇದು.
ಸುತ್ತಿಗೆ ಯಾವ ಲೆಕ್ಕ ಅಂದುಕೊಂಡಿದ್ದೆ.
ಮೊದಲ ಏಟಿಗೇ ಮೊಣಕೈವರೆಗೆ ಝುಮ್ಮೆಂದು
ಸುತ್ತಿಗೆ ಹೇಳಿತು:
ಅದು ಕಾಗದ, ಇದು ಕಬ್ಬಿಣ.

ಗುಜರಿ ಷಫೀವುಲ್ಲಾ ಸವೆದ ಅರಗಳನ್ನು ಕೊಟ್ಟ,
ಮೂರಕ್ಕೆ ಅರವತ್ತು ರೂಪಾಯಿ.
"ಏನ್ ಸಾರ್, ಯಾರ ಮೇಲೆ ಕೋಪ?"
ಯಾರ ಮೇಲೂ ಇಲ್ಲ ಎಂದೆ.
ಒಂದು ಚಾಕು ಮಾಡಬೇಕು, ನಾನೇ, ಅಷ್ಟೇ.
ಯಾಕೆ ಎಂದು ಅವನು ಕೇಳಿದ್ದರೆ
ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಹಿತ್ತಲಲ್ಲಿ ಕುಲುಮೆ ಎಂದರೆ
ತಳ ಹೋದ ಬಾಂಡ್ಲಿ, ಮೆತ್ತಿದ ಹುತ್ತದ ಮಣ್ಣು,
ಇಸ್ತ್ರಿಯವನು ಕೊಟ್ಟ ಅರ್ಧ ಮೂಟೆ ಇದ್ದಿಲು.
ತಿದಿ ಎಂದರೆ ಮಗಳು ತಲೆ ಒಣಗಿಸಿಕೊಳ್ಳುವ ಯಂತ್ರ.
ಅವಳು ಎರಡು ದಿನ ಮಾತು ಬಿಟ್ಟಳು.

ಮೊದಲನೆಯದು ಕೆಂಪಾಯಿತು, ಕಿತ್ತಳೆಯಾಯಿತು,
ಆಮೇಲೆ ಬೆಳ್ಳಗೆ ಬೆಳಗಿ
ಸುರುಸುರು ಬತ್ತಿಯ ಹಾಗೆ ಕಿಡಿ ಕಾರಿತು.
ಎಷ್ಟು ಚೆಂದ ಎಂದು ನೋಡುತ್ತ ನಿಂತೆ.
ಉರಿಯುತ್ತಿರುವುದು ಉಕ್ಕೇ ಎಂದು
ತಿಳಿಯುವಷ್ಟರಲ್ಲಿ ತುದಿಯೇ ಇರಲಿಲ್ಲ.

ಎರಡನೆಯದಕ್ಕೆ ಆರು ಸಂಜೆ ಹಿಡಿಯಿತು.
ಕೆಂಡದಿಂದ ಎತ್ತಿ ನೀರಿಗೆ ಇಳಿಸಿದೆ.
ಟಿಣ್.
ಬಳೆ ಒಡೆದಷ್ಟೇ ಸಣ್ಣ ಸದ್ದು.

ತುಂಡುಗಳನ್ನು ಹಳೇ ಪೇಪರಿನಲ್ಲಿ ಸುತ್ತಿಕೊಂಡು,
ಎಕ್ಸ್‌ರೇ ಹಿಡಿದು ಡಾಕ್ಟರ ಬಳಿ ಹೋದಂತೆ
ಕನ್ನಂಪಲ್ಲಿ ಕಡೆಯ ಮುನಿವೆಂಕಟಾಚಾರಿ ಹತ್ತಿರ ಹೋದೆ.
ಕುಡುಗೋಲಿಗೆ ಹಲ್ಲು ಕೊಯ್ಯುತ್ತಿದ್ದವನು
ಮುರಿದ ಮೈಯನ್ನು ಬಿಸಿಲಿಗೆ ಹಿಡಿದ.
"ನೋಡು, ಒಳಗೆ ಬನ್ಸಿ ರವೆ.
ಚಿರೋಟಿ ರವೆ ಆಗಬೇಕು.
ತೊಂದರ ಎಂದುಕು ಸಾಮಿ?"

ಅವನ ತೆಲುಗಿನಲ್ಲಿ ಅದು ಆತುರ,
ನನ್ನ ಕನ್ನಡದಲ್ಲಿ ಅದೇ ತೊಂದರೆ.
ಚಿಂತಾಮಣಿಯಲ್ಲಿ ಇವೆರಡರ ನಡುವೆ
ಒಂದು ಸ್ವರದ ಅಂತರ.

ಕತ್ತಲಾಗಲಿ, ಅಂದಿದ್ದ.
ಹಗಲಲ್ಲಿ ಕಬ್ಬಿಣದ ಬಣ್ಣ ಸುಳ್ಳು ಹೇಳುತ್ತೆ.
ಕಾದೆ. ಬೀದಿ ದೀಪ ಹತ್ತಿತು.
ಒಡೆದ ಸ್ಪೀಕರಿನ ಅಯಸ್ಕಾಂತವನ್ನು ತಂತಿಗೆ ಕಟ್ಟಿ
ಕೆಂಪು ಅಲಗಿಗೆ ತಾಗಿಸುತ್ತ ಹೋದೆ:
ಅಂಟಿತು, ಅಂಟಿತು, ಅಂಟಿತು,
ಇದ್ದಕ್ಕಿದ್ದಂತೆ, ಪರಿಚಯವೇ ಇಲ್ಲದವರ ಹಾಗೆ,
ಅಂಟಲಿಲ್ಲ.
ಆ ಗಳಿಗೆಯೇ ಗಳಿಗೆ.
ಬೆಚ್ಚಗಿನ ಹೊಂಗೆ ಎಣ್ಣೆಗೆ ನೆಟ್ಟಗೆ ಇಳಿಸಿದೆ.
ಕಿವಿಯೆಲ್ಲ ಡಬ್ಬದ ಒಳಗೇ.
ಕಹಿ ಹೊಗೆ ಎದ್ದಿತು,
ಪಕ್ಕದ ಮನೆಯ ಗಿರಿಜಾಂಬ ಕಿಟಕಿ ಧಡ್ ಎಂದು ಮುಚ್ಚಿದರು.
ಟಿಣ್ ಎನ್ನಲಿಲ್ಲ.

ಇನ್ನೂ ಸಿಡುಕು ಇಳಿಯಬೇಕಿತ್ತು ಅದಕ್ಕೆ.
ಜೋಡಿ ರಸ್ತೆ ಬೇಕರಿಯ ರಂಗಪ್ರಸಾದ
ಬನ್ನಿನ ಟ್ರೇಯ ಮೂಲೆಯಲ್ಲಿ ಜಾಗ ಕೊಟ್ಟ.
ಎರಡು ಗಂಟೆ. ಹೊರಗೆ ಬಂದಾಗ
ಅಲಗಿಗೆ ರಸ್ಕಿನ ಬಣ್ಣ, ಏಲಕ್ಕಿಯ ವಾಸನೆ.

ಹಿಡಿ ಹುಣಸೆಯದು.
ಮೊಳೆ ಒಂದು ಮೇಲೆ, ಒಂದು ಕೆಳಗೆ.
ಬಾಯಿ ತುಸು ಎಡಕ್ಕೆ ವಾಲಿದೆ,
ಫೋಟೋದಲ್ಲಿ ನಾನು ನಿಲ್ಲುವ ಹಾಗೆ.
ಸಾಣೆ ಹಿಡಿಯುವಾಗ ಹೆಬ್ಬೆರಳು ಕೊಯ್ದುಕೊಂಡು
ಖುಷಿಯಾದ ಮನುಷ್ಯ
ಬಹುಶಃ ಊರಿಗೆ ನಾನೊಬ್ಬನೇ.

ಚಾಕುವನ್ನು ಕೈಯಿಂದ ಕೈಗೆ ಕೊಡಬಾರದು,
ಜಗಳವಾಗುತ್ತೆ ಅನ್ನುತ್ತಿದ್ದಳು ಅಮ್ಮ.
ಮಗಳ ಮುಂದೆ ನೆಲದ ಮೇಲಿಟ್ಟೆ.
ಅವಳು ಎತ್ತಿಕೊಂಡಳು, ತೂಗಿ ನೋಡಿದಳು,
ಮಂಡಿಯಿಂದ ತಂದ ಮೆತ್ತನೆ ಟೊಮೆಟೊ ಒಂದನ್ನು
ಒತ್ತದೆ, ಸುಮ್ಮನೆ ಎಳೆದಳು.
ಸಿಪ್ಪೆ ತಕರಾರಿಲ್ಲದೆ ಬಿಟ್ಟುಕೊಟ್ಟಿತು.

"ಪರವಾಗಿಲ್ಲ," ಅಂದಳು,
"ಈಗ ನನಗೊಂದು ಹೊಸ ಡ್ರೈಯರ್ ಕೊಡಿಸು."

ತೊಳೆಯಲು ಮರೆತು ಮಲಗಿದೆವು.
ಬೆಳಿಗ್ಗೆ ನೋಡಿದರೆ ಅಲಗಿನ ಮೇಲೆ
ಹುಳಿ ಬಿದ್ದಲ್ಲೆಲ್ಲ ನೀಲಿ ಬೂದಿ ಕಲೆ,
ಅಂಚು ಮಸುಕಾದ ಅರ್ಧ ವೃತ್ತ,
ಅವಸರದಲ್ಲಿ ಹೊಡೆದ ಠಸ್ಸೆಯಂತೆ:
ಊರೂ ಕಾಣದು, ತಾರೀಕೂ ಕಾಣದು.

ಉಜ್ಜಲು ಬೂದಿ ತೆಗೆದುಕೊಂಡವನು
ಹಾಗೇ ಇಟ್ಟೆ.